ಗೊತ್ತಿಲ್ಲವೆಂದು ತಲೆಯಾಡಿಸಿದವನು

ಅತಿಥಿಗಳನ್ನು ನೀನೇ ಮಾತಾಡಿಸಬೇಕೆಂದು ಊರವರು ಪಟ್ಟು ಹಿಡಿದಿದ್ದರು. ಸಿಯಾಮನ್ ಜಗಾರಿತ್ ವಾರವಿಡೀ ದೋಣಿ ರಿಪೇರಿಯ ನೆಪ ಹೇಳಿ ತಪ್ಪಿಸಿಕೊಂಡು ತಿರುಗಿದ. ಬರುವವರು ದಕ್ಷಿಣಕ್ಕೆ, ಬೇರೆ ದೇಶಕ್ಕೆ ಸೇರಿದ ಬತಾನೆಸ್ ದ್ವೀಪಗಳವರು. ಅವರ ಭಾಷೆಯೂ ಇಲ್ಲಿ ಲಾನ್ಯು ದ್ವೀಪದಲ್ಲಿರುವ ಸಿಯಾಮನ್‌ನ ತಾವೊ ಜನರ ಭಾಷೆಯೂ ಒಡಹುಟ್ಟಿದವು ಎಂದು ಪಂಡಿತರು ನಕ್ಷೆ ಬರೆದು ತೋರಿಸುತ್ತಾರೆ. ಸಿಯಾಮನ್‌ಗೆ ನಕ್ಷೆ ಬೇಕಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆಯೇ ಅವನಿಗೆ ಅದು ಗೊತ್ತಿತ್ತು.

ಆಗ ಅವನು ಕಡಲಾಚೆ ತೈವಾನಿನ ಪಟ್ಟಣದಲ್ಲಿ ಗಾರೆ ಕೆಲಸಕ್ಕಿದ್ದ. ದ್ವೀಪದವನೆಂದು ಅಲ್ಲಿ ಅವನನ್ನು ಆಡಿಕೊಳ್ಳದವರಿರಲಿಲ್ಲ. ಅಂಥದ್ದರಲ್ಲಿ ಬತಾನೆಸ್‌ನಿಂದ ಹೊಸ ಕೂಲಿಯೊಬ್ಬ ಬಂದ. ಊಟದ ಹೊತ್ತಿಗೆ ಇಟ್ಟಿಗೆ ಎಣಿಸುತ್ತಿದ್ದವನ ಬಾಯಲ್ಲಿ ಒಂದು, ಎರಡು, ಮೂರು ಎಲ್ಲವೂ ಸಿಯಾಮನ್‌ನ ಅಮ್ಮ ಎಣಿಸುವ ಹಾಗೇ ಇದ್ದವು.

"ಏನಯ್ಯಾ, ನಿನ್ ನೆಂಟ ಬಂದವ್ನೆ! ಮಾತೂ ಒಂದೇ ಥರ ಐತಲ್ಲೋ?" ಎಂದು ಮೇಸ್ತ್ರಿ ಕೆಣಕಿದ.

"ಥೂ, ನಂಗೂ ಅವ್ನಿಗೂ ಎಲ್ಲಿ ಸಂಬಂಧ? ಒಂದಕ್ಷರ ತಿಳಿಯಾಕಿಲ್ಲ."

ಹೊರದೇಶದ ಕೂಲಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುವ ಆಸೆ, ಇನ್ನೇನು! ಆಡಿದ ಸುಳ್ಳನ್ನು ಕಾಪಾಡಿಕೊಳ್ಳಲು ಎಂಟು ತಿಂಗಳು ಆ ಮನುಷ್ಯನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಒಂದು ದಿನ ಸುಣ್ಣದ ಮೂಟೆ ಒಡೆದು ಆ ಕೂಲಿಯ ಕಣ್ಣಿಗೆ ಸಿಡಿಯಿತು. "ದಾನುಮ್! ದಾನುಮ್!" ಎಂದು ಅವನು ನೆಲಕ್ಕೆ ಬಿದ್ದು ಹೊರಳಾಡಿದ. ನೀರು ನೀರು ಎಂದು ಕೂಗುತ್ತಿದ್ದುದು ಸಿಯಾಮನ್‌ಗೊಬ್ಬನಿಗೇ ತಿಳಿಯಿತು. ಮೇಸ್ತ್ರಿ ಒಣಬಟ್ಟೆ ತಂದು ಕಣ್ಣು ತಿಕ್ಕತೊಡಗಿದ.

"ಏನಂತಾನೋ ಇವ್ನು? ನಿಂಗೇನಾದ್ರೂ ಗೊತ್ತಾಯ್ತದಾ?"

ಎಲ್ಲರೂ ಸಿಯಾಮನ್‌ನತ್ತ ನೋಡಿದರು. ನೀರಿನ ಪೀಪಾಯಿ ಅವನ ಬೆನ್ನಿಗೇ ತಾಗಿಕೊಂಡಿತ್ತು. ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ. ಬೇರೆ ಯಾರಿಗೋ ಹೊಳೆದು ನೀರು ಹೊಯ್ಯುವಷ್ಟರಲ್ಲಿ ತಡವಾಗಿತ್ತು. ಕೂಲಿಗೆ ಒಂದು ಕಣ್ಣು ಹೋಯಿತು, ಕೆಲಸವೂ ಹೋಯಿತು. ಅಂದಿನಿಂದ ತನ್ನ ಭಾಷೆಯನ್ನು ಯಾರಾದರೂ ಹೊಗಳಿದರೆ ಸಿಯಾಮನ್‌ಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

ಅತಿಥಿಗಳು ಬಂದರು. ಕೆಸುವಿನ ಗೆಡ್ಡೆ, ಹಾರುಮೀನು ಬಡಿಸಿದರು. ಬತಾನೆಸ್‌ನ ಮುದುಕಿಯೊಬ್ಬಳು ತನ್ನ ಭಾಷೆಯಲ್ಲೇ ಕೇಳಿದಳು: "ನಮ್ ಕಡೆಯೋರ್ನ ಮೊದ್ಲು ಎಲ್ಲಾದ್ರೂ ಕಂಡಿದ್ಯೇನಪ್ಪಾ?"

ಇಲ್ಲವೆನ್ನಲು ಈ ಸಲ ನಾಲಿಗೆ ಏಳಲಿಲ್ಲ. ಸಿಯಾಮನ್ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದ. ಊರವರೆಲ್ಲ ಕೇಳಿಸಿಕೊಂಡರು.

ಮುದುಕಿ ಬಯ್ಯಲಿಲ್ಲ. "ನಮ್ದು ಸಣ್ಣ ಸೀಮೆ. ಬದ್ಕಿದ್ರೆ ಹುಡುಕ್ತೀನಿ. ಹೆಸ್ರೇನು ಅವಂದು?" ಎಂದಳು.

ಹೆಸರನ್ನು ಅವನು ಒಂದು ದಿನವೂ ಕೇಳಿರಲಿಲ್ಲ.