ಉಲ್ಟಾ ತಿರುಗಿದ ರಾಟಿ

ಅಂಗಳ ಗುಡಿಸಿ ನೀರು ಚಿಮುಕಿಸುವುದು, ಬಾವಿಯಿಂದ ನಾಲ್ಕು ಕೊಡ ತರುವುದು, ಎಮ್ಮೆಯ ಸೆಗಣಿ ಬಾಚುವುದು, ಎರಡು ಸೇರು ಜೋಳ ಬೀಸುವುದು, ರೊಟ್ಟಿ ಬಡಿಯುವುದು, ನಡುವೆ ಅತ್ತೆಗೆ ಬಿಸಿನೀರು. ಇಷ್ಟಾದ ಮೇಲೆ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ಬುಟ್ಟಿ ತುಂಬ ಸುತ್ತಿಟ್ಟರೆ, ಬನಹಟ್ಟಿಯಲ್ಲಿ ಬೆಳಗಾಗುತ್ತಿತ್ತು. ಆಗ ಕಸ್ತೂರೆವ್ವನ ಗಂಡ ಶಿದ್ರಾಮಪ್ಪ ಎದ್ದು, ಮೈಮುರಿದು, ನೇಯಲು ಮಗ್ಗದ ಕುಣಿಗೆ ಇಳಿಯುತ್ತಿದ್ದ. ಓಣಿಯವರು ಅವನನ್ನು ದುಡಿಯುವ ಗಂಡಸು ಎನ್ನುತ್ತಿದ್ದರು. ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಏನ್ ಮಾಡ್ತಾಳ್ರಿ, ಮನ್ಯಾಗ ಇರ್ತಾಳ" ಎನ್ನುತ್ತಿದ್ದ.

ಆ ಮನೆಯಲ್ಲಿರುವ ಕೆಲಸವನ್ನೇ ಅವಳು ಚಿತ್ರವಾಗಿ ಬರೆದಳು. ಗಿರಣಿಯ ನೂಲಿಗೆ ಸುತ್ತಿ ಬರುತ್ತಿದ್ದ ದಪ್ಪ ಕಾಗದವನ್ನು ಅಂಗೈಯಷ್ಟಗಲ ಕತ್ತರಿಸಿ, ದೀಪದ ಮಸಿಯಲ್ಲಿ ತನ್ನನ್ನೇ ಬರೆದಳು: ಮಲಗಿದವಳು, ಎದ್ದು ಕೂತವಳು, ಕೊಡ ಎತ್ತಿದವಳು. ಒಂದು ಹಾಳೆಗೂ ಮುಂದಿನದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಎಲ್ಲವನ್ನೂ ಒಂದು ಮುರುಕು ರಾಟಿಯ ಅಚ್ಚಿನ ಸುತ್ತ ಗಂಜಿಯಿಂದ ಅಂಟಿಸಿದಳು. ಕಡ್ಡಿಯೊಂದನ್ನು ಅಡ್ಡ ಹಿಡಿದು ತಿರುಗಿಸಿದರೆ ಹಾಳೆಗಳು ಪಟಪಟ ಬಿದ್ದು ಆ ಹೆಣ್ಣು ನಡೆಯುತ್ತಿದ್ದಳು, ಬೀಸುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ಹಾಳೆ ಮಾತ್ರ ಖಾಲಿ. ಅದು ಕೆಲಸವೆಲ್ಲ ಮುಗಿದ ಮೇಲಿನ ಚಿತ್ರಕ್ಕೆಂದು ಬಿಟ್ಟದ್ದು. ಅಂಥ ಹೊತ್ತನ್ನು ಅವಳು ಕಂಡಿರಲಿಲ್ಲ.

ಜಮಖಂಡಿಯಲ್ಲಿ ಸಂಸ್ಥಾನದವರ ಕೈಕಸಬಿನ ಪ್ರದರ್ಶನವೆಂದು ಡಂಗುರ ಸಾರಿದಾಗ ಶಿದ್ರಾಮಪ್ಪ ಆ ಚಿತ್ರದ ರಾಟಿಯನ್ನು ಹೆಗಲಿಗೇರಿಸಿದ.

"ನಾನೂ ಬರ್ತೀನ್ರಿ."

"ನೀ ಬಂದ್ರ ಕಂಡಿಕಿ ಸುತ್ತೋರು ಯಾರು?"

"ನೀವ ಮಗ್ಗದಾಗ ಇರೂದಿಲ್ಲಲ್ಲ, ಕಂಡಿಕಿ ಯಾರಿಗ್ರಿ?"

"ಬಂದ ಮ್ಯಾಲ ಬೇಕಲ್ಲ!"

ಮೂರನೆಯ ದಿನ ಅವನು ಬಹುಮಾನದ ಶಾಲು ಹೊದ್ದು ಬಂದ. ನೇಕಾರನಿಗೆ ಕೊಟ್ಟ ಆ ಶಾಲು ಗಿರಣಿಯಲ್ಲಿ ನೇಯ್ದದ್ದು. ಓಣಿಯವರನ್ನೆಲ್ಲ ಕರೆದು ಅಂಗಳದಲ್ಲಿ ರಾಟಿ ತಿರುಗಿಸಿದ. ಹಾಳೆಯ ಹೆಣ್ಣು ರೊಟ್ಟಿಯನ್ನು ಹಿಟ್ಟಿನ ಮುದ್ದೆ ಮಾಡಿದಳು. ಹಿಟ್ಟು ಬೀಸುಕಲ್ಲಿಗೆ ಹತ್ತಿ ಜೋಳವಾಯಿತು. ತುಂಬಿದ ಕೊಡ ಹೊತ್ತು ಹಿಂದಕ್ಕೆ ನಡೆದು, ನೀರನ್ನು ಬಾವಿಗೆ ಸುರಿದು, ಹೋಗಿ ಮಲಗಿಬಿಟ್ಟಳು. ಜನ ಹೊಟ್ಟೆ ಹಿಡಿದು ನಕ್ಕರು.

"ಯಣ್ಣಾ, ಉಲ್ಟಾ ತಿರಗಸಾಕತ್ತಿ ನೋಡೋ!" ಎಂದಳು ಪಕ್ಕದ ಮನೆಯ ತಂಗೆವ್ವ. "ಹುಟ್ಟಿದಾಗಿಂದ ಒಮ್ಮಿಯರ ರಾಟಿ ಮುಟ್ಟೀಯೇನ?"

"ಜಮಖಂಡ್ಯಾಗ ಹಿಂಗ ತಿರಗಿಸೀನಿ. ದೊಡ್ಡ ದೊಡ್ಡ ಮಂದಿ ನಕ್ಕಾರ. ಮೈಗಳ್ಳ ಹೆಂಗಸಿನ ಆಟ ಭಾಳ ಛಲೋ ಐತಿ ಅಂದಾರ. ಅವರಿಗೆ ತಿಳೀದ್ದು ನಿನಗ ತಿಳೀತೇನ?"

ಕಸ್ತೂರೆವ್ವನಿಗೆ ಮೊದಲು ಮೈಯುರಿಯಿತು. ಆದರೆ ಮಲಗಿದ ಆ ಹೆಣ್ಣಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಅವಳನ್ನು ಎಬ್ಬಿಸುವವರು ಯಾರೂ ಇರಲಿಲ್ಲ.

ಮಂದಿ ಹೋದ ಮೇಲೆ ಅವನು ಖಾಲಿ ಹಾಳೆಯ ಮೇಲೆ ಬೆರಳಿಟ್ಟ. "ನಾಳಿ ಜಮಖಂಡಿ ಸಾಹೇಬ್ರು ಮನೀಗೆ ಬರ್ತಾರ. ಮಾಡಿದವರ ಹೆಸರು ಇರಬೇಕಂತ. ಇಲ್ಲಿ ನನ್ನ ಹೆಸರು ಬರಿ." ಅವನದು ಹೆಬ್ಬೆಟ್ಟು. ತವರಿನಲ್ಲಿ ಎರಡು ಇಯತ್ತೆ ಕಲಿತವಳು ಅವಳು.

ಮರುದಿನ ಅವಳು ಎಂದಿನ ಹೊತ್ತಿಗೇ ಎದ್ದಳು. ಕಸಬರಿಗೆ ಮುಟ್ಟಲಿಲ್ಲ. ದೀಪ ಹಚ್ಚಿ, ಮಸಿ ಕಲಸಿ, ಬರೆಯುವ ಕಡ್ಡಿ ಅದ್ದಿ, ಖಾಲಿ ಹಾಳೆಯ ಕೆಳಗೆ ಪುಟ್ಟದಾಗಿ "ಕಸ್ತೂರೆವ್ವ" ಎಂದು ಬರೆದಳು. ಮೇಲೆ ಹೆಣ್ಣೊಬ್ಬಳು ಗೋಡೆಗೆ ಒರಗಿ ಕೂತಿರಬೇಕು. ಮೋರೆ ಬಂತು, ಮಡಿಲಲ್ಲಿ ಕೈ ಬಂದವು. ಚಾಚಿದ ಕಾಲು ಹೇಗಿರುತ್ತವೆಂಬುದು ಮಾತ್ರ ತಿಳಿಯಲಿಲ್ಲ. ನೋಡಿ ಬರೆಯೋಣವೆಂದು ಅವಳೇ ಗೋಡೆಗೆ ಒರಗಿ ಕಾಲು ಚಾಚಿದಳು.

ಕೋಳಿ ಕೂಗಿತು. ಕೊಡ ಬರಿದಾಗಿತ್ತು, ಕಂಡಿಕೆಯ ಬುಟ್ಟಿಯೂ ಬರಿದಾಗಿತ್ತು. ಒಳಗೆ ಶಿದ್ರಾಮಪ್ಪ ಮಗ್ಗುಲು ಬದಲಿಸಿದ. ಕಸ್ತೂರೆವ್ವ ಬುಟ್ಟಿಯ ಕಡೆ ನೋಡಿದಳು, ಕಾಲಿನ ಕಡೆ ನೋಡಿದಳು. ಹಾಳೆಯಲ್ಲಿ ಹೆಬ್ಬೆರಳು ಇನ್ನೂ ಸರಿಯಾಗಿ ಬಂದಿರಲಿಲ್ಲ. ಕಡ್ಡಿಯನ್ನು ಮತ್ತೆ ಮಸಿಗೆ ಅದ್ದಿದಳು.