ಗಾಸ್ಪರಿನಿ ಗೋತ್ರದ ಮೋನಪ್ಪ

ಮೋನಪ್ಪ ಗಾಸ್ಪರಿನಿ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ. ನಗದೆ ಇನ್ನೇನು ಮಾಡಲಿ? ಮದ್ರಾಸಿನ ಪುರಸೈವಾಕ್ಕಂನ ನಮ್ಮ ಮನೆಗೆ ಅಡುಗೆಮನೆಯ ಕಪಾಟಿನ ಬಾಗಿಲು ಸರಿಮಾಡಲು ಬಂದಿದ್ದ ಬಡಗಿ ಆತ. ಕಿವಿಯ ಮೇಲೆ ಪೆನ್ಸಿಲ್, ತುಟಿಯ ನಡುವೆ ಮೊಳೆ. ನಾನು ಫೋನಿನಲ್ಲಿ ಮೈಸೂರಿನ ತಂಗಿಯ ಜೊತೆ ಜಗಳವಾಡುವುದನ್ನು ಕೇಳಿಸಿಕೊಂಡು, ಮೊಳೆಗಳನ್ನು ಅಂಗೈಗೆ ಉಗಿದು, “ಅಮ್ಮಾ, ನೀವು ಕನ್ನಡದೋರಾ?” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಏನು ಮುರಿದರೂ ಮೋನಪ್ಪನೇ ಬರಬೇಕು. ವಿಮಾ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲಂತೂ ಏನೂ ಮುರಿಯದಿದ್ದರೂ ಕರೆಸುತ್ತಿದ್ದೆ. ಕನ್ನಡದಲ್ಲಿ ವಾದ ಮಾಡಲು ಈ ಊರಿನಲ್ಲಿ ನನಗೆ ಬೇರೆ ಯಾರಿದ್ದರು?

ಹೆಸರಿನ ಕಥೆ ಆತನೇ ಹೇಳಿದ್ದು. ವೇಪೇರಿಯ ಕಡೆ ಹಿಂದೆ ಗಾಸ್ಪರಿನಿ ಎಂಬ ಇಟಲಿಯ ಪಾದ್ರಿಯೊಬ್ಬರು ಅನಾಥ ಹುಡುಗರಿಗೆ ಒಂದು ಆಶ್ರಮ ನಡೆಸುತ್ತಿದ್ದರಂತೆ. ಮತ ಬದಲಾಯಿಸುವ ಗೊಡವೆಗೆ ಅವರು ಹೋಗಲಿಲ್ಲ. ಹುಡುಗನ ಸ್ವಂತ ಹೆಸರು ಹಾಗೇ ಉಳಿಯುತ್ತಿತ್ತು. ಶಾಲೆಯಲ್ಲಿ ಅಪ್ಪ ಯಾರು, ಯಾವ ಜಾತಿ ಎಂದು ಕೇಳಿದರೆ ಮಾತ್ರ ತಮ್ಮ ಮನೆತನದ ಹೆಸರು ಬರೆಸಿಬಿಡುತ್ತಿದ್ದರು. ಪುತ್ತೂರಿನ ಕಡೆಯಿಂದ ಬಂದು ರೈಲ್ವೆಯಲ್ಲಿ ಕೂಲಿ ಮಾಡುತ್ತಿದ್ದ ಅಪ್ಪ ಸತ್ತು, ಅಮ್ಮ ಕೈಬಿಟ್ಟು ಹೋದ ಮೋನಪ್ಪ ಹೀಗೆ ಗಾಸ್ಪರಿನಿಯಾದ. ಬಳ್ಳಾರಿಯ ಕಡೆಯ ರೈಲಿನಲ್ಲಿ ಒಂಟಿಯಾಗಿ ಸಿಕ್ಕಿದ್ದ ರಘುರಾಮನೂ ಗಾಸ್ಪರಿನಿಯಾದ. ಇಬ್ಬರೂ ಅಕ್ಕಪಕ್ಕದ ಚಾಪೆಯವರು. ಮಿಕ್ಕವರಿಗೆ ತಿಳಿಯದ ಕನ್ನಡದಲ್ಲಿ ಪಾದ್ರಿಯನ್ನೂ ಅಡುಗೆಯವನನ್ನೂ ಬೈದುಕೊಂಡೇ ದೊಡ್ಡವರಾದರು.

ಆಶ್ರಮದ ಊಟದ ಮನೆಯ ಗೋಡೆಯ ಮೇಲೆ ಇಟಲಿಯ ಹೆಸರುವಾಸಿ ಗಾಸ್ಪರಿನಿಗಳ ಪಟಗಳಿದ್ದವು. ಗಡ್ಡದ ಒಬ್ಬ ಚಿತ್ರಕಾರ, ಪಿಟೀಲು ಹಿಡಿದ ಒಬ್ಬ, ಸೈಕಲ್ ಮೇಲೆ ಬಾಗಿದ ಒಬ್ಬ ಓಟಗಾರ. ಅವರಿಗೂ ಪಾದ್ರಿಗೂ ನೆಂಟಸ್ತನ ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಹುಡುಗರಿಗೆ ಮಾತ್ರ ಅವರೇ ಹಿರಿಯರು. ಬರಬರುತ್ತಾ ಅವುಗಳ ಕೆಳಗೆ ಮದ್ರಾಸಿನ ಗಾಸ್ಪರಿನಿಗಳ ಪಟಗಳೂ ಬಂದವು. ರೈಲ್ವೆ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಒಬ್ಬ, ಕಾರ್ಪೊರೇಷನ್ ಕೌನ್ಸಿಲರ್ ಒಬ್ಬ, ಸಿನಿಮಾದಲ್ಲಿ ನಾಯಕನ ಬದಲು ಮಾಳಿಗೆಯಿಂದ ಹಾರಿ ಸೊಂಟ ಮುರಿದುಕೊಂಡವನೊಬ್ಬ. ಸರಗಳ್ಳತನದಲ್ಲಿ ಸಿಕ್ಕಿಬಿದ್ದು ಪೇಪರಿನಲ್ಲಿ ಬಂದ ಒಬ್ಬನ ಪಟವನ್ನೂ ಯಾರೋ ತುಂಟರು ಅಂಟಿಸಿದ್ದರಂತೆ. ಪಾದ್ರಿ ಅದನ್ನು ಕೀಳಲಿಲ್ಲ, ಅವನೂ ನಮ್ಮವನೇ ಎಂದರಂತೆ.

ಪಾದ್ರಿ ಸತ್ತರು, ಆಶ್ರಮ ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಪಟಗಳನ್ನು ಮೋನಪ್ಪ ಓಟ್ಟೇರಿಯ ತನ್ನ ಮನೆಗೆ ಹೊತ್ತು ತಂದ. ಮಹಾಲಯ ಅಮಾವಾಸ್ಯೆಯ ದಿನ ಆ ಇಟಲಿಯವರ ಮುಂದೆ ಬಾಳೆಲೆ ಹಾಕಿ ಎಡೆ ಇಡುತ್ತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

“ಅಲ್ರೀ, ಅವರಿಗೆ ಉದ್ದಿನ ವಡೆ ಸೇರುತ್ತಾ?” ಎಂದು ರೇಗಿಸಿದೆ.

“ಇದುವರೆಗೂ ಯಾರೂ ಬೇಡ ಅಂದಿಲ್ಲ ಅಂಬುಜಮ್ಮ,” ಎಂದ. ಮುಖದಲ್ಲಿ ನಗುವಿರಲಿಲ್ಲ.

ಗಾಸ್ಪರಿನಿಗಳಿಗೆ ಎರಡು ಕಟ್ಟಳೆಗಳಿದ್ದವು. ಒಬ್ಬ ಸತ್ತರೆ ಚಟ್ಟಕ್ಕೆ ಮೊದಲ ಹೆಗಲು ಗಾಸ್ಪರಿನಿಗಳದೇ ಆಗಬೇಕು. ಇದು ಪಾದ್ರಿ ಹೇಳಿಕೊಟ್ಟದ್ದು. ದಿಕ್ಕಿಲ್ಲದ ಹುಡುಗರಿಗೆ ನಾಳೆ ತಮ್ಮ ಹೆಣ ಹೊರುವವರು ಯಾರು ಎಂಬ ಭಯ ಇರಬಾರದೆಂದು. ಇನ್ನೊಂದು, ಗಾಸ್ಪರಿನಿ ಮನೆಗೆ ಗಾಸ್ಪರಿನಿ ಮನೆಯಿಂದ ಹೆಣ್ಣು ತರುವಂತಿಲ್ಲ. ಅಣ್ಣತಮ್ಮಂದಿರ ಮಕ್ಕಳು ಅಣ್ಣತಂಗಿಯರಲ್ಲವೇ? ಇದನ್ನು ಪಾದ್ರಿ ಹೇಳಿರಲಿಲ್ಲ, ಹುಡುಗರೇ ಬೆಳೆದ ಮೇಲೆ ಮಾಡಿಕೊಂಡದ್ದು. ಜಾತಿಯ ಕಾಟದಿಂದ ತಪ್ಪಿಸಲು ಪುಣ್ಯಾತ್ಮ ಕೊಟ್ಟ ಹೆಸರಿನಿಂದಲೇ ಇವರು ಒಂದು ಗೋತ್ರ ಕಟ್ಟಿಕೊಂಡಿದ್ದರು. ಸಗೋತ್ರ ಎಂದು ನನ್ನ ಸ್ವಂತ ಅತ್ತೆಯ ಮಗಳ ಮದುವೆ ಮುರಿದು ಅವಳು ಬಾವಿಯ ಕಟ್ಟೆಯ ಮೇಲೆ ಕುಳಿತು ಅತ್ತದ್ದನ್ನು ನೋಡಿದವಳು ನಾನು. ನನಗೆ ಮೈಯೆಲ್ಲ ಉರಿಯಿತು. ಆದರೆ ಆಗ ಅದು ಬರೀ ಮಾತಾಗಿತ್ತು.

ಮೋನಪ್ಪ ಮತ್ತು ರಘುರಾಮ ಇಬ್ಬರೂ ವಡಪಳನಿಯ ಸ್ಟುಡಿಯೋಗಳಲ್ಲಿ ಸೆಟ್ ಕೆಲಸ ಮಾಡಿ ಸಂಸಾರ ಕಟ್ಟಿದವರು. ಮೋನಪ್ಪ ಪ್ಲೈವುಡ್ಡಿನಲ್ಲಿ ಅರಮನೆ ನಿಲ್ಲಿಸುತ್ತಿದ್ದ, ರಘುರಾಮ ಅದಕ್ಕೆ ಅಮೃತಶಿಲೆಯ ಬಣ್ಣ ಬಳಿಯುತ್ತಿದ್ದ. ಮೋನಪ್ಪನ ಹೆಂಡತಿ ಕೋಲಾರದವಳು, ಮಗಳನ್ನು ಅವನ ಕೈಗಿಟ್ಟು ಬೇಗ ಹೋಗಿಬಿಟ್ಟಳು. ಆ ಮಗಳು ಪ್ರಣಮ್ಯಾಳನ್ನು ಅರ್ಧ ಬೆಳೆಸಿದ್ದು ರಘುರಾಮನ ಹೆಂಡತಿ ಅಂಜಲೈ. ಅಂಜಲೈ, ರಘುರಾಮರ ಮಗ ತೇಜಸ್ ಮೆಟ್ರೋ ರೈಲಿನಲ್ಲಿ ಕೆಲಸಕ್ಕೆ ಸೇರಿದ. ಪ್ರಣಮ್ಯಾ ಅಡ್ಯಾರಿನ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆದಳು. ಒಂದು ಭಾನುವಾರ ಇಬ್ಬರೂ ಜೊತೆಯಲ್ಲಿ ನಮ್ಮ ಮನೆಗೆ ಬಂದು ಸೋಫಾದ ಎರಡು ತುದಿಯಲ್ಲಿ ಕುಳಿತರು. ನೋಡಿದ ತಕ್ಷಣ ನನಗೆ ವಿಷಯ ಗೊತ್ತಾಯಿತು.

“ಆಂಟಿ, ನೀವೇ ಅಪ್ಪನ ಹತ್ರ ಪೇಸ್ಬೇಕು. ನಿಮ್ಮ ಮಾತು ಒಂದೇ ಅವರು ಕೇಳೋದು,” ಎಂದಳು.

ನಾನು ಮಾತಾಡಿದೆ. ಮಾತಾಡಿದೆ ಎನ್ನುವುದಕ್ಕಿಂತ ಕೂಗಾಡಿದೆ. ರಕ್ತ ಸಂಬಂಧ ಎಲ್ಲಿದೆ ತೋರಿಸಿ, ಒಬ್ಬ ಪುತ್ತೂರು, ಒಬ್ಬ ಬಳ್ಳಾರಿ, ನಡುವೆ ಯಾವುದೋ ದೇಶದ ಹೆಸರು, ಇದಕ್ಕಾಗಿ ಮಗಳ ಬಾಳು ಹಾಳುಮಾಡುತ್ತೀರಾ ಎಂದೆ. ಮೋನಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

“ರಕ್ತ ಇಲ್ಲ ಅಂತ್ಲೇ ಅಲ್ವಾಮ್ಮ ನಮಗೆ ಹೆಸರು ಕೊಟ್ಟಿದ್ದು,” ಎಂದ ಕೊನೆಗೆ. “ನಿಮಗೆ ಅಣ್ಣ ತಮ್ಮ ಹುಟ್ಟಿನಿಂದ ಬಂದವ್ರೆ. ನನಗೆ ಈ ಹೆಸರಿಂದ ಬಂದವ್ರೆ. ಇದು ಸುಮ್ನೆ ಹೆಸರು ಅಂತ ಇವತ್ತು ನಾನು ಒಪ್ಕೊಂಡ್ರೆ, ರಘು ನನಗೆ ಯಾರು? ನಾನು ಯಾರು?”

 

ಅವನನ್ನು ಮುರಿದದ್ದು ಮಕ್ಕಳಲ್ಲ, ರಘುರಾಮ. ಆತ ಮದುವೆಗೆ ಒಪ್ಪಿಬಿಟ್ಟ. “ಮಕ್ಕಳು ಸುಖವಾಗಿರ್ಲಿ ಬಿಡೋ ಮೋನ. ನಾವೇನು ಒಂದೇ ಹೊಟ್ಟೇಲಿ ಹುಟ್ಟಿದವ್ರಾ?” ಎಂದನಂತೆ. ಎಷ್ಟು ಸಹಜವಾದ ಮಾತು. ಮೋನಪ್ಪ ಮಾತ್ರ ಅದನ್ನು ನನ್ನ ಮುಂದೆ ಎರಡೆರಡು ಸಲ ಹೇಳಿದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನಡೆದಾಗ ಹೆಣ್ಣಿನ ಕಡೆಯಿಂದ ರುಜು ಹಾಕಿದವಳು ನಾನು. ಮೋನಪ್ಪ ಬರಲಿಲ್ಲ. ಆಮೇಲೆ ಮಗಳ ಜೊತೆಗೂ ಮಾತಿಲ್ಲ, ರಘುರಾಮನ ಜೊತೆಗೂ ಮಾತಿಲ್ಲ. ಮಿಕ್ಕಿದ್ದ ಕೆಲವೇ ಗಾಸ್ಪರಿನಿಗಳು ಮೋನಪ್ಪನ ಪಕ್ಷ ಹಿಡಿದರು. ಅಂಜಲೈಯ ಕಡೆಯ ನೆಂಟರಿಗೂ ಇದು ಮುಟ್ಟಿತು. ಸ್ವಂತ ಅಪ್ಪನೇ ಪಾಪ ಎನ್ನುವ ಮದುವೆ ಇನ್ನೆಂಥದ್ದು ಎಂದು ಅವರು ಬಸುರಿಯಾದ ಪ್ರಣಮ್ಯಾಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಅವಳ ಸೀಮಂತ ನಡೆಯಲಿಲ್ಲ, ತವರಿನಿಂದ ಬಳೆ ಬಾರದೆ ಹೇಗೆ ಮಾಡುತ್ತಾರೆ?

ಹೋದ ಪಂಗುಣಿ ತಿಂಗಳ ಬಿಸಿಲಿನಲ್ಲಿ, ಬೆಳಿಗ್ಗೆ ಹಾಲು ತರಲು ಹೊರಟ ರಘುರಾಮ ಎದೆ ಹಿಡಿದುಕೊಂಡು ಬೀದಿಯಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪ್ರಣಮ್ಯಾ ನನಗೆ ಫೋನು ಮಾಡಿದಳು. ಅಳುತ್ತಿರಲಿಲ್ಲ.

“ಆಂಟಿ, ಅಪ್ಪನ್ನ ಕರ್ಕೊಂಡು ಬನ್ನಿ. ಕೋಡಿ ತಗೊಂಡು ಬರ್ಲಿ. ಅಷ್ಟು ಸಾಕು ನನಗೆ. ಇಷ್ಟು ಜನರ ಮುಂದೆ ಒಂದು ದಪ ಸಂಬಂಧಿಯಾಗಿ, ಬೀಗರಾಗಿ ಬಂದು ನಿಂತ್ರೆ ಎಲ್ಲರ ಬಾಯಿ ಮುಚ್ಚುತ್ತೆ. ನನ್ನ ಮಗೂಗೂ ಒಂದು ಮನೆ ಆಗುತ್ತೆ.”

ಇಲ್ಲಿನ ರೂಢಿ ಹೀಗೆ. ಸಾವಿನ ಮನೆಗೆ ಬೀಗರು ಹೊಸ ಬಟ್ಟೆ ತಂದು ಹೆಣದ ಮೇಲೆ ಹೊದಿಸಬೇಕು, ಅದೇ ಕೋಡಿ. ಹೆಗಲು ಕೊಡುವವರು ಸತ್ತವನ ಅಣ್ಣತಮ್ಮಂದಿರು, ದಾಯಾದಿಗಳು. ಬಟ್ಟೆ ತಂದವನು ಹೆಗಲು ಕೊಡುವಂತಿಲ್ಲ. ಹೆಗಲು ಕೊಟ್ಟವನು ಬೀಗನಲ್ಲ.

ಮೋನಪ್ಪನ ಮನೆಗೆ ಹೋದೆ. ಸುದ್ದಿ ಆಗಲೇ ಮುಟ್ಟಿತ್ತು. ಪಟಗಳ ಕೆಳಗೆ ಗೋಡೆಗೊರಗಿ ಕುಳಿತಿದ್ದ. ಮಗಳ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ.

“ಬಟ್ಟೆ ತಗೊಂಡು ಹೋದ್ರೆ ಅವನು ನನ್ನ ತಮ್ಮ ಅಲ್ಲ ಅಂತಾಗುತ್ತಲ್ಲಮ್ಮ,” ಎಂದ.

“ಸತ್ತವನಿಗೆ ಅದರಿಂದ ಏನೂ ಆಗಲ್ಲ ಮೋನಪ್ಪ. ಬದುಕಿರೋಳು ಅಲ್ಲಿ ಕಾಯ್ತಿದಾಳೆ. ಏಳಿ.”

ಎದ್ದ. ನಾನು ಗೆದ್ದೆ ಎಂದುಕೊಂಡೆ. ಇಬ್ಬರೂ ಪುರಸೈವಾಕ್ಕಂನ ಜವಳಿ ಅಂಗಡಿಗೆ ಹೋದೆವು. ಮದುವೆ ಸೀರೆಗಳನ್ನು ಹರಡಿಕೊಂಡು ಕುಳಿತ ಜನರ ನಡುವೆ ಮೋನಪ್ಪ ಒಂದು ಪಂಚೆ ಕೇಳಿದ. ಅಂಗಡಿಯವನು ಅಂಚಿನ ಬಣ್ಣ ಯಾವುದಿರಲಿ ಎಂದಾಗ, “ಅವನಿಗೆ ಹಸಿರು ಅಂದ್ರೆ ಇಷ್ಟ,” ಎಂದು ನನ್ನ ಕಡೆ ತಿರುಗಿ ಹೇಳಿದ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಸವರುತ್ತಿದ್ದ. ಪಾಪ, ಬೀಗನಾಗಲು ತನ್ನ ಮನಸ್ಸನ್ನು ಒಗ್ಗಿಸಿಕೊಳ್ಳುತ್ತಿದ್ದ ಎಂದೇ ನಾನು ಈಗಲೂ ನಂಬಿದ್ದೇನೆ.

ರಘುರಾಮನ ಮನೆಯಿದ್ದ ಓಣಿ ತೀರ ಕಿರಿದು, ಶವದ ಗಾಡಿ ಒಳಗೆ ಬರದೆ ಬೀದಿಯ ತಿರುವಿನಲ್ಲಿ ನಿಂತಿತ್ತು. ಅಲ್ಲಿಯ ತನಕ ಹೊತ್ತೇ ಒಯ್ಯಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿ ನಾವು ತಡವಾಗಿ ತಲುಪಿದೆವು. ಚಟ್ಟ ಕಟ್ಟಿ ಆಗಿತ್ತು. ಬಿಸಿಲು ಏರಿದೆ, ಇನ್ನು ಕಾಯಲಾಗದು ಎಂದು ಹಿರಿಯರೊಬ್ಬರು ಗದರುತ್ತಿದ್ದರು. ತೇಜಸ್ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ. ಪ್ರಣಮ್ಯಾ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಓಣಿಯ ಕಡೆಯೇ ನೋಡುತ್ತಿದ್ದಳು. ಅಪ್ಪನ ಕೈಯಲ್ಲಿದ್ದ ಹೊಸ ಬಟ್ಟೆ ಕಂಡದ್ದೇ ಅವಳ ಮುಖ ಸಡಿಲಾಯಿತು. ಅಂಜಲೈಯ ನೆಂಟರು ಸರಿದು ದಾರಿ ಬಿಟ್ಟರು.

ಬಂದ ಗಾಸ್ಪರಿನಿಗಳು ಮೂವರೇ. ಮುಪ್ಪಾದ ಗೋಲ್‌ಕೀಪರ್, ಕೌನ್ಸಿಲರ್ ಆಗಿದ್ದ ಗುರುಚರಣ, ಜೊತೆಗೆ ಪೆರಂಬೂರಿನ ಒಬ್ಬ ಟೈಲರ್. ಬಟ್ಟೆ ಹೊದಿಸುವ ಮೊದಲೇ, ಹಿರಿಯರ ಅವಸರಕ್ಕೆ, ಮೂರು ಮೂಲೆಗೆ ಮೂವರು ಹೆಗಲು ಕೊಟ್ಟರು, ನಾಲ್ಕನೆಯ ಮೂಲೆ ಖಾಲಿ. ಪಕ್ಕದ ಮನೆಯ ಒಬ್ಬಾತ ತಾನಾಗಿ ಬಂದು ಅದಕ್ಕೆ ಕೈ ಹಾಕಿದ. ಒಳ್ಳೆಯ ಮನುಷ್ಯ, ಆದರೆ ಅಭ್ಯಾಸ ಇರಲಿಲ್ಲ. ಎತ್ತುವಾಗ ಚಟ್ಟ ಒಂದು ಕಡೆ ವಾಲಿತು. ರಘುರಾಮನ ತಲೆ ಪಕ್ಕಕ್ಕೆ ಜಾರಿತು.

“ಬಿಡಪ್ಪ, ಅವನು ಬೀಳ್ತಾನೆ,” ಎಂದ ಮೋನಪ್ಪ.

ಪಂಚೆಯನ್ನು ನನ್ನ ಕೈಗೆ ತುರುಕಿದ. ಆ ಮನುಷ್ಯನನ್ನು ಮೆಲ್ಲಗೆ ಸರಿಸಿ ಬಿದಿರಿನ ಅಡಿಗೆ ತನ್ನ ಹೆಗಲು ಕೊಟ್ಟ. ಚಟ್ಟ ನೆಟ್ಟಗಾಯಿತು. ಯೋಚಿಸಿ ಮಾಡಿದನೋ ಮೈ ತಾನಾಗಿ ಓಡಿತೋ ನಾನು ಹೇಳಲಾರೆ. ಗುರುಚರಣ ತಿರುಗಿ ನೋಡಿ ತಲೆಯಾಡಿಸಿದ. ತಮಟೆ ಶುರುವಾಯಿತು. ನಾಲ್ವರು ಗಾಸ್ಪರಿನಿಗಳು ಹೆಜ್ಜೆ ಹೊಂದಿಸಿಕೊಂಡು ಓಣಿಯಲ್ಲಿ ನಡೆದರು. ಮೋನಪ್ಪ ಬಾಯಿಬಿಟ್ಟು ಅಳುತ್ತಿದ್ದ.

ಅಂಜಲೈಯ ನೆಂಟ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ನಾನು ಬಟ್ಟೆ ಹಿಡಿದು ಪ್ರಣಮ್ಯಾಳ ಬಳಿ ಹೋದೆ. ನಿಮ್ಮಪ್ಪನೇ ಆರಿಸಿ ತಂದದ್ದು ಕಣೇ, ನಾನೇ ಸಾಕ್ಷಿ ಎಂದೆ. ಅವಳು ಕೈ ಚಾಚಲಿಲ್ಲ.

“ಬೀಗರು ಯಾರೂ ಬಂದಿಲ್ಲ ಆಂಟಿ,” ಎಂದಳು. “ಈ ಬಟ್ಟೆ ಯಾರ ಮನೆಯದು ಅಂತ ತಗೊಳ್ಳಲಿ? ನಾನು ಅಣ್ಣನ್ನೇ ಕಟ್ಟಿಕೊಂಡಿದೀನಿ ಅಂತ ಅಪ್ಪ ಈಗ ಬೀದಿಗೆಲ್ಲ ಹೇಳಿಬಿಟ್ರು.”

ಹಾಗಲ್ಲ ಎಂದೆ. ಹಾಗೆಯೇ ಆಗಿತ್ತು. ಅವಳಪ್ಪನ ಮೇಲೆ ನನಗೆ ಕೋಪವೂ ಮರುಕವೂ ಒಟ್ಟಿಗೇ ಬಂದವು. ಒಳಗೆ ಹೋಗಿ ಅಂಜಲೈಯ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

ಮಧ್ಯಾಹ್ನ ಸುಡುಗಾಡಿನಿಂದ ಗಂಡಸರು ಮರಳಿದರು. ಮನೆಯ ಸೊಸೆ ಹೊಸ್ತಿಲಲ್ಲಿ ನಿಂತು ಹೆಗಲು ಕೊಟ್ಟವರಿಗೆ ಕಾಲು ತೊಳೆಯಲು ನೀರು ಕೊಡಬೇಕು. ತುಂಬಿದ ಬಸುರಿ, ಬೇರೆ ಯಾರಾದರೂ ಕೊಡಲಿ ಎಂದೆ. ಅವಳು ಕೇಳಲಿಲ್ಲ. ಗೋಲ್‌ಕೀಪರಿಗೆ ಕೊಟ್ಟಳು, ಗುರುಚರಣನಿಗೆ ಕೊಟ್ಟಳು, ಟೈಲರಿಗೆ ಕೊಟ್ಟಳು. ಕೊನೆಗೆ ಮೋನಪ್ಪ ಬಂದು ನಿಂತ. ಅವನ ಅಂಗಿಯ ಹೆಗಲಿನ ಮೇಲೆ ಬಿದಿರಿನ ಗೀರು ಬಿದ್ದಿತ್ತು. ಮಗಳ ಮುಖ ನೋಡುವ ಧೈರ್ಯ ಸಾಲದೆ ಅವಳ ಕೈಯಲ್ಲಿದ್ದ ಚೊಂಬನ್ನೇ ನೋಡುತ್ತಿದ್ದ. ಬೈಯಲಿ, ಅಳಲಿ, ಚೊಂಬನ್ನು ಎಸೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಸೆರಗನ್ನು ಸರಿಮಾಡಿಕೊಂಡು, ಗಂಡನ ಮನೆಯ ಹಿರಿಯರ ಮುಂದೆ ಸೊಸೆ ಬಾಗುವಷ್ಟೇ ಬಾಗಿ, ಎರಡೂ ಕೈಯಲ್ಲಿ ಚೊಂಬನ್ನು ನೀಡಿದಳು.

“ತಗೊಳ್ಳಿ ದೊಡ್ಡಮಾವ,” ಎಂದಳು.

ಮಾವನ ಅಣ್ಣನನ್ನು ಸೊಸೆ ಕರೆಯುವುದು ಹಾಗೆಯೇ, ಮಗಳು ಅಪ್ಪನನ್ನಲ್ಲ.  ಮೋನಪ್ಪ “ಹೂಂನಮ್ಮ,” ಎಂದು ಓಗೊಟ್ಟು, ಚೊಂಬು ತೆಗೆದುಕೊಂಡು ಕಾಲು ತೊಳೆದುಕೊಂಡ.