ನಾಯಕನ ಮನೆಯ ಬಾಗಿಲು

ವಿಜಯಪುರದ ಜಲನಗರದ ನಮ್ಮ ಶಾಲೆಯಲ್ಲಿ ನಾಯಕ ಎಂದರೆ ಗದ್ದಲ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಟಾಕೀಸಿನ ಪರದೆಯ ಮೇಲಾದರೆ ಹೊಡೆದಾಡಿ ಹುಡುಗಿಯನ್ನು ಗೆಲ್ಲುವವನು. ಅಥಣಿ ರಸ್ತೆಯ ಬ್ಯಾನರುಗಳಲ್ಲಿ ಕೈಮುಗಿದು ನಗುವವರಂತೂ ಎಲ್ಲರೂ ನಾಯಕರೇ. ನನಗೆ ಮಾತ್ರ ಆ ಮಾತು ಕೇಳಿದರೆ ತಿಕೋಟಾ ಹತ್ತಿರದ ನಮ್ಮ ಲಂಬಾಣಿ ತಾಂಡಾ ಕಣ್ಣಿಗೆ ಬರುತ್ತದೆ, ಬಾಗಿಲ ಮುಂದೆ ಹಗ್ಗದ ಹೊರಸಿನ ಮೇಲೆ ಕೂತ ಅಜ್ಜ ಬರುತ್ತಾನೆ. ತಾಂಡಾಕ್ಕೆ ಅವನೇ ನಾಯಕ. ಜಗಳ, ಮದುವೆ, ಕಳೆದುಹೋದ ಆಡು, ಎಲ್ಲವೂ ಅವನ ಮುಂದೆ ಬರಬೇಕು. ಆ ಮನೆಯ ಬಾಗಿಲು ರಾತ್ರಿಯೂ ತೆರೆದೇ ಇರುತ್ತಿತ್ತು.

"ನಾಯಕನ ಮನಿ ಬಾಗಿಲಾ ಹಾಕಬಾರ್ದವಾ," ಎನ್ನುತ್ತಿದ್ದಳು ಅಜ್ಜಿ. ಪಟ್ಟಣದಲ್ಲಿ ಬೆಳೆದ ನನಗೆ ತಾಂಡಾದ ಮಾತು ಅರ್ಧಂಬರ್ಧ. ಅದಕ್ಕೇ ನನ್ನೊಡನೆ ಅವಳದು ಕನ್ನಡ.

ದೀಪಾವಳಿ ಅಮಾವಾಸ್ಯೆಯ ಸಂಜೆ ಮದುವೆಯಾಗದ ಹುಡುಗಿಯರು ಹಣತೆ ಹಿಡಿದು ಹಾಡುತ್ತ ಮನೆಮನೆಗೆ ಹೋಗುತ್ತೇವೆ. ಮೊದಲು ನಾಯಕನ ಮನೆ. ಅಲ್ಲಿ ಅಜ್ಜಿ ನಮ್ಮ ಹಣತೆಗಳಿಗೆ ಎಣ್ಣೆ ಹನಿಸಿದ ಮೇಲೆಯೇ ಉಳಿದವರದು. ವರ್ಷವಿಡೀ ಅವಳು ಆ ಸಂಜೆಗೆ ಕಾಯುತ್ತಿದ್ದಳು.

ಹೋದ ವರ್ಷ ಅಜ್ಜ ತೀರಿಕೊಂಡ. ಅವನ ನಂತರ ನಾಯಕನಾಗಬೇಕಿದ್ದ ಅಪ್ಪನಿಗೆ ವಿಜಯಪುರದಲ್ಲಿ ನೌಕರಿ. ಹಾಗಾಗಿ ಹಿರಿಯರು ಸೇರಿ ಆಡು ಸಾಕುವ ಇನ್ನೊಬ್ಬನ ತಲೆಗೆ ಪಟಗಾ ಸುತ್ತಿ ನಾಯಕನನ್ನಾಗಿ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಅಜ್ಜಿಯ ಹೊಸ್ತಿಲು ಎಲ್ಲರ ಹೊಸ್ತಿಲಿನಂತೆಯೇ?

"ಮೊದ್ಲ ನಮ್ಮ ಅಜ್ಜಿ ಮನಿಗೇ ನಡೀರಿ," ಎಂದು ಆ ದೀಪಾವಳಿಯ ಸಂಜೆ ಹುಡುಗಿಯರಿಗೆ ಜೋರು ಮಾಡಿದೆ. ಮುಖ ಮುಖ ನೋಡಿಕೊಂಡು ಬಂದರು.

ಸಂಜೆ ನೀಲಿಯಾಗಿತ್ತು. ಜೋಳದ ಹೊಲದ ಕಡೆಯಿಂದ ತಂಪು ಗಾಳಿ. ನಮ್ಮ ಹಾಡು ನಮಗಿಂತ ಮುಂದೆ ಹೋಗುತ್ತಿತ್ತು. ಅಂಗೈ ಮರೆಯ ಹಣತೆಯನ್ನೇ ನೋಡುತ್ತ ನಡೆದರೆ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಜ್ಜ ಹೊರಸಿನ ಮೇಲೆ ಕೂತೇ ಇದ್ದಾನೆ ಅನಿಸಿತು.

ಹತ್ತಿರ ಹೋದರೆ ಹೊರಸು ಖಾಲಿ. ಬಾಗಿಲು ಮುಚ್ಚಿತ್ತು. ಒಳಗೆ ದೀಪವಿಲ್ಲ.

"ಅಜ್ಜೀ, ಬಾಗಿಲಾ ತಗಿ!"

"ಮನ್ಯಾಗ ಯಾರೂ ಇಲ್ಲ," ಎಂದಿತು ಅಜ್ಜಿಯದೇ ದನಿ. "ನಾಯಕನ ಮನಿಗೆ ಹೋಗ್ರಿ."

ಹುಡುಗಿಯರು ಕಿಸಕ್ಕೆಂದು ನಕ್ಕರು. ನನಗೆ ಅಳು ಬಂತು. ಹೊಸ ನಾಯಕನ ಮನೆಗೆ ಹೋದೆವು. ಅವನ ಹೆಂಡತಿ ಎಣ್ಣೆ ಹನಿಸಿದಳು.

ಮರಳಿ ಬಂದಾಗ ಅಜ್ಜಿಯ ಬಾಗಿಲು ತೆರೆದಿತ್ತು. ನನ್ನ ಹಣತೆಗೆ ಅವಳು ಎಣ್ಣೆ ಹನಿಸುವಾಗ ಅದು ತುಂಬಿ ಹರಿದು ನನ್ನ ಬೆರಳೆಲ್ಲ ಎಣ್ಣೆಯಾಯಿತು.

"ಅವರ ಮನಿ ಬಾಗಿಲಾ ತೆರದಿತ್ತೇನವಾ?"

"ಹೂಂ."

"ಹಂಗಾದ್ರ ಅಂವಾ ನಾಯಕ ಆದ ಬಿಡು."

ಮಲಗುವ ಮುಂಚೆ ಅಜ್ಜಿ ಬಾಗಿಲಿಗೆ ಚಿಲಕ ಹಾಕಲು ಹೋದಳು. ಅಷ್ಟು ವರ್ಷ ಹಾಕದ ಚಿಲಕ ತುಕ್ಕು ಹಿಡಿದಿತ್ತು. ನಾವಿಬ್ಬರೂ ಸೇರಿ ನೂಕಬೇಕಾಯಿತು.